ಮೂರನೆಯ ದಿನದ ಗೆರೆ

ಗೋಡೆಯಾಚೆ ಸ್ಟೀಲ್ ಲೋಟಕ್ಕೆ ಚಮಚ ತಾಕಿದ ಸದ್ದು. ರಾತ್ರಿ ಎರಡು ಗಂಟೆ. ಪಕ್ಕದ ಮನೆಯ ರುದ್ರಮ್ಮ ಮಗ ಕಿಟ್ಟಿಗೆ ಮಾತ್ರೆ ಕಲಸುತ್ತಿದ್ದಾಳೆ. ಚೂಡಾಮಣಿ ಉಸಿರು ಬಿಗಿಹಿಡಿದು ಕಾದಳು. ಮಗುವಿನ ಕೆಮ್ಮು ಕೇಳಿಸಿದ ಮೇಲೆ ಮಗ್ಗುಲಾದಳು.

ಸುತ್ತ ಇನ್ನೂ ರಾಗಿ ಹೊಲಗಳಿದ್ದ ಇಟ್ಟಮಡುವಿನ ವಠಾರ ಅದು. ಆರು ವರ್ಷದ ಕಿಟ್ಟಿಗೆ ಮೂರು ತಿಂಗಳ ಕ್ಷಯದ ಮಾತ್ರೆ ನಾಟಿರಲಿಲ್ಲ. ಮಲಗುವ ಕೋಣೆಯಲ್ಲಿ ಏನಿಡುತ್ತೀರೆಂದು ಡಾಕ್ಟರು ಕೇಳಿದ್ದರು. ಹಸುವಿನ ಹಿಂಡಿ ಮೂಟೆ, ಅದೂ ಬೂಷ್ಟು ಹಿಡಿದದ್ದು. ಅಂದಿನಿಂದ ರುದ್ರಮ್ಮನ ಅತ್ತೆ ಕೆಂಪಕ್ಕನದು ಒಂದೇ ಮಾತು: "ಮೂಟೆ ಪಕ್ಕ ಮಗೂನ ಮಲಗಿಸಿದ ಮಹಾತಾಯಿ!"

ಬೂಷ್ಟು ಎದೆಗಿಳಿದಿದ್ದರೆ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯ ಸಿಗಬಹುದು. ಆ ಪರೀಕ್ಷೆ ಮಾಡುವವಳು ಚೂಡಾಮಣಿಯೇ, ಜಯನಗರದ ಒಂದು ಲ್ಯಾಬಿನಲ್ಲಿ. ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿದ ಅಗರ್ ಲೋಳೆ, ಅದರಲ್ಲಿ ಎರಡು ಕುಳಿ. ಒಂದರಲ್ಲಿ ಬೂಷ್ಟಿನ ಸಾರ, ಇನ್ನೊಂದರಲ್ಲಿ ಮಗುವಿನ ರಕ್ತದ ತಿಳಿ. ಪ್ರತಿಕಾಯವಿದ್ದರೆ ಎರಡೂ ಹರಿದು ಬಂದು ಕೂಡಿದ ಕಡೆ ಬಿಳಿ ಗೆರೆ ಮೂಡುತ್ತದೆ. ಮೂರು ದಿನ ಕಾಯಬೇಕು.

ಗುರುವಾರ ಇಟ್ಟ ತಟ್ಟೆಯಲ್ಲಿ ಶನಿವಾರ ಸಂಜೆಗೆ ಏನೂ ಇರಲಿಲ್ಲ. ಭಾನುವಾರದ ಬೆನ್ನಿಗೇ ಗೌರಿ, ಗಣೇಶ, ಲ್ಯಾಬಿಗೆ ಬೀಗ.

"ಇನ್ನೊಂದು ದಿನ ಬೇಕಿತ್ತು ಸಾರ್."

"ಎರಡು ದಿನದಲ್ಲಿ ಬರದ ಗೆರೆ ಕಡುಬು ತಿನ್ನೋಕೆ ಬರುತ್ತೇನಮ್ಮ? ಬರಿ, ಸಹಿ ಹಾಕ್ತೀನಿ. ಬಸ್ಸಿಗೆ ಹೊತ್ತಾಯ್ತು," ಎಂದರು ಲ್ಯಾಬಿನ ಮೇಲಧಿಕಾರಿ ಪಾಪಯ್ಯನವರು.

ಚೂಡಾಮಣಿ 'ಇಲ್ಲ' ಎಂದು ಬರೆದಳು. ಬೂಷ್ಟಿನ ಔಷಧಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುವಂಥದ್ದು. ರಿಪೋರ್ಟ್ ನೋಡಿದ ಡಾಕ್ಟರು ಅದು ಬೇಡವೆಂದು ಹಳೆಯ ಮಾತ್ರೆಯನ್ನೇ ಮುಂದುವರಿಸಿದರು.

"ಕೇಳಿಸ್ತಾ ಅತ್ತೆ? ಮೂಟೆಯಿಂದಲ್ವಂತೆ!" ರುದ್ರಮ್ಮ ಅಂಗಳದಲ್ಲೇ ಕುಸಿದು ಅತ್ತಳು.

ಗಣೇಶನ ಹಬ್ಬದ ರಾತ್ರಿ ಚಮಚದ ಸದ್ದು ಬಂತು. ಕೆಮ್ಮು ಬರಲಿಲ್ಲ. ಆಮೇಲೆ ರುದ್ರಮ್ಮನ ಕೂಗು ಬಂತು.

ಮಣ್ಣು ಮಾಡಿದ ಮಾರನೆಯ ದಿನ ಚೂಡಾಮಣಿ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋಗಿ ತಟ್ಟೆಯನ್ನು ಬೆಳಕಿಗೆ ಹಿಡಿದಳು. ಎರಡು ಕುಳಿಗಳ ನಡುವೆ, ಕೂದಲೆಳೆಯಷ್ಟು, ಬಿಳಿ ಗೆರೆ.

ಸಂಜೆ ರುದ್ರಮ್ಮ ಬಾಗಿಲಲ್ಲಿ ಕೂತಿದ್ದಳು. "ಅಕ್ಕ, ನನ್ನಿಂದ ಹೋಗ್ಲಿಲ್ಲ ಅಲ್ವಾ ಅವ್ನು? ಇನ್ನೊಂದ್ಸಲ ಹೇಳಿ."

"ನಿನ್ನಿಂದ ಅಲ್ಲ ಕಣೆ."

ಅದು ಸುಳ್ಳಾಗಿರಲಿಲ್ಲ; ಔಷಧಿ ತಪ್ಪಿಸಿದ್ದು ತಾನು ಬರೆದ 'ಇಲ್ಲ'. ಒಳಗೆ ಕೆಂಪಕ್ಕನ ಕೆಮ್ಮು ಕೇಳಿ ಚೂಡಾಮಣಿ ಬೆಚ್ಚಿದಳು. ತಟ್ಟೆಯನ್ನು ಬೆಳಿಗ್ಗೆಯೇ ಕುದಿವ ನೀರಿಗೆ ಹಾಕಿ ತೊಳೆದಿದ್ದಳು. ಡಾಕ್ಟರಿಗಿರಲಿ, ಪಾಪಯ್ಯನವರಿಗಿರಲಿ, ಈ ತಾಯಿಗಿರಲಿ, ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ತೀರ್ಮಾನಿಸಿದ್ದಳು. ರುದ್ರಮ್ಮನ ಕೈ ಹಿಡಿದುಕೊಂಡು ಮತ್ತೊಮ್ಮೆ ತೀರ್ಮಾನಿಸಿದಳು.