ತಣ್ಣನೆಯ ನಂಬರು

ಅಣ್ಣ ಫೋನಿನಲ್ಲಿ ಆಡುತ್ತಿದ್ದ ಮಾತು ಕಿಡಿಯ ಕಿವಿಗೆ ಬಿದ್ದಾಗ ಅವಳು ಯಾರದೋ ವ್ಯಾನಿನ ಕೆಳಗೆ ಅಂಗಾತ ಮಲಗಿ ಹಳೇ ಆಯಿಲ್ ಇಳಿಸುತ್ತಿದ್ದಳು. ಗಾಡಿಯ ಕೆಳಗೆ ಮಲಗಿದವರಿಗೆ ಕಿವಿ ಕೇಳಿಸುವುದಿಲ್ಲವೆಂದು ಗ್ಯಾರೇಜಿನಲ್ಲಿ ಎಲ್ಲರೂ ಅದು ಹೇಗೋ ನಂಬಿಕೊಂಡಿರುತ್ತಾರೆ.

"ಹೌದು ಡಾಕ್ಟ್ರೇ, ಒಪ್ಕೋತೀನಿ. ತಂಗಿ ಕೈಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಗ್ಬಿಟ್ಟಿದೆ. ಚಿಕ್ಕವಳು ನೋಡಿ, ಹುಮ್ಮಸ್ಸು ಜಾಸ್ತಿ. ನೀವೇನೂ ಮನಸ್ಸಿಗೆ ಹಚ್ಕೋಬೇಡಿ, ಇಂಜಿನ್ ನಾನೇ ನಿಂತು ಸರಿ ಮಾಡ್ಕೊಡ್ತೀನಿ."

ಹೆಚ್ಚುಕಮ್ಮಿಯಂತೆ! ಹಲ್ಲು ಡಾಕ್ಟರ ಕಾರಿನ ಪಿಸ್ಟನ್ನೊಂದು ತಲೆ ಕರಗಿ, ಹೆಬ್ಬೆರಳು ತೂರುವಷ್ಟು ತೂತು ಬಿದ್ದು, ಬೆಂಚಿನ ಮೇಲೆ ಬಾಯಿ ಬಿಟ್ಟುಕೊಂಡು ಕೂತಿತ್ತು. ಅದು ತಂಗಿಯ ಕೈಯಲ್ಲಿ ಆದದ್ದಂತೆ. ಕಿಡಿಯ ಮೈಯೆಲ್ಲ ಉರಿದುಹೋಯಿತು.

ಆ ಗ್ಯಾರೇಜಿನಲ್ಲಿ ಇದ್ದವರೇ ಅವರಿಬ್ಬರು. ಬಿಚ್ಚುವುದು, ಜೋಡಿಸುವುದು, ಬೆಸುಗೆ ಹಾಕುವುದು ಅಣ್ಣನದು. ತಂಗಿಯದು ಲ್ಯಾಪ್‌ಟಾಪು: ಎಷ್ಟು ಪೆಟ್ರೋಲು ಸುರಿಯಬೇಕು, ಯಾವ ಗಳಿಗೆಗೆ ಕಿಡಿ ಹಾರಿಸಬೇಕು ಎಂದು ಇಂಜಿನ್ನಿನ ಕಂಪ್ಯೂಟರಿಗೆ ಪಾಠ ಹೇಳುವುದು. ಅದಕ್ಕೇ ಅಣ್ಣ ಅವಳಿಗೆ ಕಿಡಿ ಎಂದು ಹೆಸರಿಟ್ಟದ್ದು. ಅವಳ ಸಿಟ್ಟು ಕಂಡವರು ಹೆಸರು ಸರಿಯಾಗಿಯೇ ಇದೆ ಎಂದರು. ಡಾಕ್ಟರ ಹಳೆಯ ಪುಟ್ಟ ಕಾರಿಗೆ ಟರ್ಬೊ ಕೂರಿಸಿ ಟ್ಯೂನ್ ಮಾಡಿದ್ದು ಅವಳು ಪೂರ್ತಿ ತನ್ನ ಜವಾಬ್ದಾರಿಯಲ್ಲಿ ಮಾಡಿದ ಮೊದಲ ಕೆಲಸ. ಆ ಕಾರು ಸುಯ್ಯೆಂದು ಓಡುವುದನ್ನು ನೋಡಿ ಇನ್ನೂ ನಾಲ್ಕಾರು ಜನ ಬಂದು ವಿಚಾರಿಸಿ ಹೋಗಿದ್ದರು. ಈಗ "ಆ ಹುಡುಗಿ ಟ್ಯೂನ್ ಮಾಡಿದ್ಲಲ್ಲ, ಸುಟ್ಟುಹೋಯ್ತಂತೆ" ಎಂಬ ಒಂದು ಮಾತು ಹಬ್ಬಿದರೆ ಸಾಕು, ಮುಂದೆ ಯಾರೂ ಅವಳೆದುರು ಬಾನೆಟ್ ಎತ್ತುವುದಿಲ್ಲ.

ಅವಳು ವ್ಯಾನಿನ ಕೆಳಗಿಂದ ಜಾರಿ ಹೊರಗೆ ಬಂದಳು. ಅಣ್ಣ ಬೆಚ್ಚಿಬಿದ್ದ.

"ಏನು ಹೇಳ್ದೆ ಅಣ್ಣ ಅವರಿಗೆ?"

"ಏನಿಲ್ವೇ, ಸಮಾಧಾನ ಮಾಡ್ದೆ ಅಷ್ಟೆ. ಮಧ್ಯಾಹ್ನ ಬರ್ತಾರಂತೆ. ಬಂದಾಗ ಸಾರಿ ಅಂತ ಅಂದ್ಬಿಡು, ಮುಗೀತು."

"ಯಾತಕ್ಕೆ ಸಾರಿ?"

"ನೋಡು ಕಿಡಿ, ಕಂಪ್ಯೂಟರ್‌ನಲ್ಲೇ ಏನೋ ಎಡವಟ್ಟಾಗಿದೆ. ಆಗುತ್ತೆ, ಬಿಡು. ಸ್ವಲ್ಪ ದಿನ ಟರ್ಬೊ ಟ್ಯೂನಿಂಗ್ ಹೊರಗಿನವರ ಹತ್ರ ಮಾಡ್ಸೋಣ. ನೀನು ಆಯಿಲ್ಲು, ಬ್ರೇಕು ನೋಡ್ಕೊ."

ಆಯಿಲ್ಲು, ಬ್ರೇಕು! ಬಾಯಿ ಬಿಟ್ಟರೆ ಏನು ಬರುತ್ತದೋ ಎಂದು ಹೆದರಿ ಅವಳು ಡಾಕ್ಟರ ಕಾರು ನಿಂತಿದ್ದ ಹಿಂದಿನ ಶೆಡ್ಡಿಗೆ ಹೋದಳು. ಹಿಂದಿನ ದಿನ ಡಾಕ್ಟರ ಕಾರನ್ನು ಎಳೆದು ತಂದಾಗ ಅವಳು ಬಿಡಿಭಾಗ ತರಲು ಹೊರಗೆ ಹೋಗಿದ್ದಳು. ಬರುವಷ್ಟರಲ್ಲಿ ಅಣ್ಣ ಒಬ್ಬನೇ ಪೈಪುಗಳನ್ನೆಲ್ಲ ಕಳಚಿ, ಇಂಜಿನ್ ಬಿಚ್ಚಿಟ್ಟಿದ್ದ. ಯಾವತ್ತೂ ಅಷ್ಟು ಚುರುಕಾಗಿ ಕೆಲಸ ಮಾಡಿದವನಲ್ಲ.

ಟರ್ಬೊ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುರುಕುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಸೈಕಲ್ಲಿಗೆ ಪಂಪು ಹೊಡೆದವರಿಗೆಲ್ಲ ಇದು ಗೊತ್ತು. ಕಾದ ಗಾಳಿ ಇಂಟರ್‌ಕೂಲರಿನಲ್ಲಿ ಹಾದು ಒಂದಿಷ್ಟು ತಣಿದು ಇಂಜಿನ್ನಿನ ಬಾಯಿಗೆ ಬರುತ್ತದೆ. ಆ ಬಾಯಿಯ ಹತ್ತಿರ, ಇನ್ನೇನು ಒಳಗೆ ಹೋಗಬೇಕು ಎನ್ನುವ ಗಾಳಿಯ ನಡುವೆ, ಶಾಖ ಅಳೆಯುವ ಸೆನ್ಸರು ಮೂಗು ಚಾಚಿಕೊಂಡಿರಬೇಕು. ಗಾಳಿ ಬಿಸಿ ಇದೆ ಎಂದು ಅದು ಹೇಳಿದರೆ ಕಂಪ್ಯೂಟರು ಕಿಡಿಯನ್ನು ತುಸು ತಡವಾಗಿ ಹಾರಿಸಿ ಪಿಸ್ಟನ್ನನ್ನು ಕಾಪಾಡುತ್ತದೆ. ತಂಗಿ ಸೆನ್ಸರನ್ನು ಅಲ್ಲಿಯೇ ಕೂರಿಸಿದ್ದಳು, ಬಾಯಿಯ ಮುಂದಿನ ಪೈಪಿನಲ್ಲಿ.

ಮೂಲೆಯ ರಾಶಿಯಿಂದ ಅವಳು ಆ ಪೈಪನ್ನು ಎಳೆದಳು. ಸೆನ್ಸರು ಇರಬೇಕಾದ ತೂತಿನಲ್ಲಿ ಒಂದು ದಪ್ಪ ಬೋಲ್ಟು ಕೂತಿತ್ತು.

ಹಾಗಾದರೆ ಸೆನ್ಸರೆಲ್ಲಿ? ವೈರನ್ನು ಹಿಡಿದುಕೊಂಡು ಹೋದಳು. ಅದು ಇಂಜಿನ್ನಿನ ಪಕ್ಕದಲ್ಲಿ ನುಸುಳಿ, ಮುಂದಕ್ಕೆ ಹರಿದು, ಏರ್ ಫಿಲ್ಟರ್ ಡಬ್ಬಿಯೊಳಗೆ ಹೊಕ್ಕಿತ್ತು. ಅಂದರೆ ಟರ್ಬೊಗಿಂತ ಮೊದಲು! ಅಲ್ಲಿರುವುದು ಬೀದಿಯ ಗಾಳಿ. ಟರ್ಬೊ ಮುಂದೆ ಅದನ್ನು ಎಷ್ಟೇ ಕಾಯಿಸಲಿ, ಸೆನ್ಸರು ತಂಪಾದ ಜಾಗದಲ್ಲಿ ಕೂತು "ಎಲ್ಲ ಕ್ಷೇಮ" ಎನ್ನುತ್ತಿರುತ್ತದೆ. ಕಂಪ್ಯೂಟರು ಅದನ್ನು ನಂಬಿ, ಕಾದ ಗಾಳಿಗೂ ತಣ್ಣನೆ ಗಾಳಿಗೆಂಬಂತೆ ತಡಮಾಡದೆ ಕಿಡಿ ಹಾರಿಸಿದೆ. ಪಿಸ್ಟನ್ ಕರಗದೆ ಇನ್ನೇನಾಗುತ್ತದೆ?

ಇಷ್ಟೇ ಆಗಿದ್ದರೆ ಅವಳು ಅಲ್ಲಿಂದಲೇ ಕೂಗಾಡುತ್ತಿದ್ದಳು. ಆದರೆ ಆ ಬೋಲ್ಟಿನ ತಲೆಯ ಮೇಲೆ, ಪೈಪಿನವರೆಗೆ ಇಳಿದು, ಒಂದು ನೀಲಿ ಗೀಟು ಇತ್ತು.

ಬೋಲ್ಟು ಬಿಗಿದ ಮೇಲೆ ಅದರ ಅಡ್ಡಕ್ಕೆ ನೇಲ್ ಪಾಲಿಶಿನ ಒಂದು ಗೀಟು ಎಳೆಯುವುದು ಆ ಗ್ಯಾರೇಜಿನ ಪದ್ಧತಿ. ಬೋಲ್ಟು ಸಡಿಲಾದರೆ ಗೀಟು ಒಡೆದು ಗೊತ್ತಾಗುತ್ತದೆ. ಅಣ್ಣನದು ಕೆಂಪು, ತಂಗಿಯದು ನೀಲಿ. ಎರಡೂ ಅತ್ತಿಗೆ ಕೊಟ್ಟ ಬಾಟಲಿಗಳು; ಆ ನೀಲಿಯನ್ನು ಉಗುರಿಗೆ ಹಚ್ಚಿಕೊಳ್ಳುವ ಧೈರ್ಯ ಅತ್ತಿಗೆಗೇ ಇರಲಿಲ್ಲ. ಗಿರಾಕಿಗಳಿಗೆ ಅಣ್ಣನೇ ಬಾನೆಟ್ ಎತ್ತಿ ತೋರಿಸಿ ಜಂಬ ಕೊಚ್ಚುತ್ತಿದ್ದ: "ಕೆಂಪಿಗೆ ನಾನು ಹೊಣೆ, ನೀಲಿಗೆ ನನ್ನ ತಂಗಿ. ಯಾರ ಬಣ್ಣ ಇದೆಯೋ ಅವರನ್ನೇ ಹಿಡ್ಕೊಳ್ಳಿ."

ಇವಳು ಮುಟ್ಟದ ಬೋಲ್ಟಿನ ಮೇಲೆ ಇವಳ ಬಣ್ಣ! ಬೇರೆಯವರ ಚೆಕ್ಕಿಗೆ ಸಹಿ ಹಾಕಿದರೆ ಪೊಲೀಸರು ಬರುತ್ತಾರೆ. ಇದಕ್ಕೆ ಯಾರು ಬರುತ್ತಾರೆ?

ಮಧ್ಯಾಹ್ನ ಡಾಕ್ಟರು ಬಂದರು. ಒಳ್ಳೆಯ ಮನುಷ್ಯ. ಕಾರಿನ ಹುಚ್ಚು ವಿಪರೀತ. ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಪರದೆಯೊಂದನ್ನು ಹಾಕಿಸಿಕೊಂಡು, ರಸ್ತೆಗಿಂತ ಹೆಚ್ಚಾಗಿ ಅದರ ನಂಬರುಗಳನ್ನೇ ನೋಡುತ್ತ ಓಡಿಸುವವರು. ಅಣ್ಣ ಓಡಿಹೋಗಿ ಕುರ್ಚಿ ಒರೆಸಿದ. ಡಾಕ್ಟರು ತೂತು ಬಿದ್ದ ಪಿಸ್ಟನ್ನನ್ನು ಹುಳುಕು ಹಲ್ಲು ನೋಡುವಂತೆ ತಿರುಗಿಸಿ ನೋಡಿದರು.

"ಏನಮ್ಮ, ಹೀಗೆ ಮಾಡ್ಬಿಟ್ಟೆಯಲ್ಲ. ನಿನ್ನ ಮೇಲೆ ಎಷ್ಟು ನಂಬಿಕೆ ಇಟ್ಟಿದ್ದೆ," ಎಂದರು. ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. ಅದು ಅವಳಿಗೆ ಇನ್ನಷ್ಟು ಚುಚ್ಚಿತು.

ಅಣ್ಣ ಕಣ್ಣಲ್ಲೇ ಸನ್ನೆ ಮಾಡಿದ: ಹೇಳು, ಸಾರಿ ಹೇಳು.

"ಡಾಕ್ಟ್ರೇ, ಒಂದು ಮಾತು ಕೇಳ್ತೀನಿ. ಗಾಳಿ ಶಾಖದ ನಂಬರು ಈಚೆಗೆ ಹೇಗೆ ಬರ್ತಿತ್ತು?"

"ಅದೊಂದು ಮಾತ್ರ ಚೆನ್ನಾಗಾಯ್ತು ನೋಡು!" ಡಾಕ್ಟರ ಮುಖ ಅರಳಿತು. "ನೀನು ಮಾಡಿದಾಗ ಸಿಗ್ನಲ್‌ನಲ್ಲಿ ನಿಂತ್ರೆ ಸಾಕು, ಏರು ಹತ್ತಿದ್ರೆ ಸಾಕು, ಮೇಲಕ್ಕೆ ಓಡ್ತಿತ್ತು. ನನಗೆ ಎದೆ ಢವಢವ. ನಿಮ್ಮಣ್ಣನಿಗೆ ದಿನಾ ಫೋನ್ ಮಾಡಿ ತಲೆ ತಿಂದೆ. ಪಾಪ, ಒಂದಿನ ಕರೆದು ಸರಿ ಮಾಡಿಕೊಟ್ರು. ನಾನು ಇದೇ ಕುರ್ಚಿಯಲ್ಲಿ ಕೂತಿದ್ದೆ. ಅವತ್ತು ನಿನಗೆ ಜ್ವರ ಅಂದ್ರು. ಆಮೇಲೆ ನಂಬರು ಯಾವಾಗ್ಲೂ ತಣ್ಣಗೆ!"

ಅಣ್ಣ ಎಲ್ಲಿಂದಲೋ ಒಂದು ಸ್ಪ್ಯಾನರ್ ಎತ್ತಿಕೊಂಡು ಒರೆಸತೊಡಗಿದ.

"ಹೌದು, ಜ್ವರ ಬಂದಿತ್ತು," ಎಂದಳು ಕಿಡಿ. "ಅತ್ತಿಗೆ ಥರ್ಮಾಮೀಟರ್ ತಂದು ನನ್ನ ಬಾಯಲ್ಲಿಟ್ರು. ಅದನ್ನ ಕಿಟಕಿ ಹೊರಗೆ ಹಿಡಿದಿದ್ರೆ ನನ್ನ ಜ್ವರಾನೂ ಅವತ್ತೇ ವಾಸಿ. ಅಲ್ವಾ ಅಣ್ಣ?"

ಅವಳು ಪೈಪನ್ನು ತಂದು ಬೆಂಚಿನ ಮೇಲೆ ಕುಕ್ಕಿದಳು. ಫಿಲ್ಟರ್ ಡಬ್ಬಿಯನ್ನು ತೋರಿಸಿದಳು, ವೈರನ್ನು ತೋರಿಸಿದಳು. ಡಾಕ್ಟರಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಅವರು ಮೆಲ್ಲಗೆ ಅಣ್ಣನ ಕಡೆ ತಿರುಗಿದರು.

"ನೀವೇ ತಾನೇ ಡಾಕ್ಟ್ರೇ, ನಂಬರು ಇಳಿಸಿ ಇಳಿಸಿ ಅಂತ..." ಎಂದು ಅಣ್ಣ ತೊದಲಿದ.

"ಕೇಳ್ದೆ, ನಿಜ. ನನ್ನ ಹತ್ರ ನೋವು ಅಂತ ಬಂದವರು ಒಳ್ಳೇ ಹಲ್ಲನ್ನ ಕೀಳಿ ಅಂತಾರೆ. ಅವರು ಕೇಳಿದ್ರು ಅಂತ ಕಿತ್ತು ಕೈಗೆ ಕೊಡ್ಲಾ ನಾನು?"

ಕಿಡಿಗೆ ಆ ವಾದ ಬೇಕಿರಲಿಲ್ಲ. ಅವಳ ಬೆರಳು ನೀಲಿ ಗೀಟಿನ ಮೇಲಿತ್ತು.

"ಇದೇನಣ್ಣ?"

"ಅದಾ? ನನ್ನ ಬಾಟಲಿ ಒಣಗಿತ್ತು ಕಣೇ. ಕೈಗೆ ಸಿಕ್ಕಿದ್ದನ್ನ ಬಳಿದೆ. ಬೇಕಂತ ಅಲ್ಲ, ಆಣೆಗೂ."

ಬೇಕೆಂದೇ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳ ಹೆಸರು ಅವನಿಗೆ ಕೈಗೆ ಸಿಕ್ಕಿದ ಒಂದು ಬಾಟಲಿ. ಅಷ್ಟೇ!

"ಪಿಸ್ಟನ್ ನೋಡಿದ ಕೂಡ್ಲೇ ನಿನಗೆ ಗೊತ್ತಾಯ್ತು ತಾನೇ? ಗೊತ್ತಾಗೇ ಬೆಳಿಗ್ಗೆ ಫೋನಲ್ಲಿ ನನ್ನ ತಲೆ ಮೇಲೆ ಗೂಬೆ ಕೂರಿಸ್ದೆ."

ಅಣ್ಣ ಸ್ಪ್ಯಾನರ್ ಕೆಳಗಿಟ್ಟ. "ಗ್ಯಾರೇಜು ನಡೀತಿರೋದು ನನ್ನ ಹೆಸರಲ್ಲಿ ಕಿಡಿ. ನನ್ನಿಂದ ಆಯ್ತು ಅಂದ್ರೆ ಬಾಗಿಲು ಹಾಕ್ಬೇಕು. ನೀನಾದ್ರೆ ಚಿಕ್ಕವಳು. ಜನ ಮರೀತಾರೆ."

"ಮರೀತಾರೆ! ತಪ್ಪನ್ನಲ್ಲ ಅಣ್ಣ, ನನ್ನನ್ನ ಮರೀತಾರೆ. ಬಿಸಿ ಇದ್ರೆ ಬಿಸಿ ಅಂತ ಹೇಳೋದೇ ಆ ಸೆನ್ಸರ್ ಕೆಲಸ. ಹೇಳ್ತು ಅಂತ ಕಿತ್ತು ಆಚೆಗೆ ಹಾಕ್ದೆ. ಈಗ ನನ್ನನ್ನೂ ಆಯಿಲ್ಲು, ಬ್ರೇಕಿಗೆ ಹಾಕ್ತೀಯಾ?"

ಅಳು ಬಂದದ್ದಕ್ಕೆ ಅವಳಿಗೆ ಇನ್ನೂ ಸಿಟ್ಟು ಬಂತು. ಬಟ್ಟೆಯ ಚೂರೊಂದನ್ನು ಥಿನ್ನರಿನಲ್ಲಿ ಅದ್ದಿ, ಬೋಲ್ಟಿನ ಮೇಲಿನ ನೀಲಿಯನ್ನು ಗಸಗಸ ತಿಕ್ಕಿ ತೆಗೆದಳು. ಆಮೇಲೆ ಕಪಾಟಿನಿಂದ ಕೆಂಪು ಬಾಟಲಿ ತಂದಳು. ಮುಚ್ಚಳ ಅಂಟಿಕೊಂಡಿತ್ತು. ಇಕ್ಕಳ ಹಾಕಿ ತಿರುಗಿಸಿ, ಒಳಕ್ಕೆ ಥಿನ್ನರಿನ ಹನಿ ಬಿಟ್ಟು, ಚೆನ್ನಾಗಿ ಅಲ್ಲಾಡಿಸಿ ಅಣ್ಣನ ಮುಂದೆ ಹಿಡಿದಳು. ಬಣ್ಣ ಕರಗಿತ್ತು. ಅಷ್ಟಕ್ಕೇ ಕರಗುವ ಬಣ್ಣ ಅದು.

"ಎಳಿ ಗೀಟು."

"ಡಾಕ್ಟ್ರ ಮುಂದೆ ಇದೆಲ್ಲ ಯಾಕೆ..."

"ಅವರ ಮುಂದೆ ತಾನೇ ನನ್ನ ಹೆಸರು ಹೇಳಿದ್ದು. ಎಳಿ."

ಡಾಕ್ಟರು ಕುರ್ಚಿಯಿಂದ ಏಳಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ಅಣ್ಣ ಕುಂಚ ತೆಗೆದುಕೊಂಡ. ಟನ್ನುಗಟ್ಟಲೆ ಕಬ್ಬಿಣ ಎತ್ತಿದ ಕೈಗೆ ಆ ಪುಟ್ಟ ಕುಂಚ ಒಗ್ಗಲಿಲ್ಲ. ಗೀಟು ಸೊಟ್ಟಗೆ ಬಂತು, ಆದರೆ ಕೆಂಪಗೆ ಬಂತು. ಅವನು ತಲೆ ಎತ್ತದೆ ಹೇಳಿದ: "ತಂಗಿದೇನೂ ತಪ್ಪಿಲ್ಲ ಡಾಕ್ಟ್ರೇ. ನಾನು ಮಾಡಿದ್ದು. ಸುಳ್ಳು ಹೇಳಿದ್ದೂ ನಾನೇ."

ಈ ಮಾತಿಗಾಗಿ ಅವಳು ಬೆಳಗಿನಿಂದ ಕಾದಿದ್ದಳು. ಬಂದಾಗ ಏನೂ ಹಗುರವಾಗಲಿಲ್ಲ. ಆ ಬೋಲ್ಟನ್ನು ಬಿಚ್ಚಿ ಅಣ್ಣನ ಕೈಗೆ ಹಾಕಿ, ಸೆನ್ಸರನ್ನು ಮತ್ತೆ ಪೈಪಿಗೆ ಕೂರಿಸಿ, ಬಿಗಿದು, ನೀಲಿ ಗೀಟು ಎಳೆದಳು.

ಇಂಜಿನ್ ಹೊಸದಾಗಿ ಕಟ್ಟಿ, ಕಾರು ಮತ್ತೆ ರಸ್ತೆಗಿಳಿದ ಮೇಲೆ ಒಂದು ದಿನ ಗ್ಯಾರೇಜಿನ ಫೋನು ಹೊಡೆದುಕೊಂಡಿತು. ಕಿಡಿ ಇನ್ನೊಂದು ಗಾಡಿಯ ಕೆಳಗಿದ್ದಳು. ಟರ್ಬೊ ಗಾಡಿ, ಅವಳನ್ನೇ ಹುಡುಕಿಕೊಂಡು ಬಂದದ್ದು. ಆಚೆ ಕಡೆ ಡಾಕ್ಟರು ಏನು ಕೇಳಿದರೆಂದು ಅವಳಿಗೆ ಕೇಳಿಸಲಿಲ್ಲ. ಅಣ್ಣ ಹೇಳಿದ್ದು ಮಾತ್ರ ಕೇಳಿಸಿತು.

"ಏರಿದ್ರೆ ಏರ್ಲಿ ಬಿಡಿ ಡಾಕ್ಟ್ರೇ, ಬಿಸಿ ಇದ್ರೆ ಬಿಸಿ ಅಂತಾನೇ ಹೇಳ್ಬೇಕು ಅದು. ಸರಿಯಾದ ಜಾಗದಲ್ಲೇ ಇದೆ. ನನ್ನ ತಂಗಿ ಇಟ್ಟಿದ್ದು."

ಅವಳು ಕೆಳಗಿನಿಂದ ಏಳಲಿಲ್ಲ. ಕೇಳಿಸಲಿಲ್ಲವೆಂದೇ ಅವನು ಅಂದುಕೊಳ್ಳಲಿ. ನೀಲಿ ಬಾಟಲಿ ಮಾತ್ರ ಅಂದಿನಿಂದ ಅವಳ ಜೇಬಿನಲ್ಲೇ ಇರುತ್ತದೆ.