ಕೆಂಪು ದಾರದ ಚಾದರ

"ಕಣ್ಣೇನು ಹಿತ್ತಲಿಗೆ ಹೋಗಿತ್ತೇನೇ ಮುಂಡೇದೆ?"

ಉಗ್ರಾಣದ ಸಾಹೇಬ ಎಸೆದ ಚಾದರ ಚಿಕ್ಕಮ್ಮನ ಮುಖಕ್ಕೆ ಬಡಿದು ಹೆಗಲ ಮೇಲೆ ಜೋತುಬಿತ್ತು. ಅವಳ ಎರಡೂ ಕೈ ಸೋಪಿನ ನೀರಿನಲ್ಲಿದ್ದವು. ಆಸ್ಪತ್ರೆಯ ಒಗೆಯುವ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ದುಡಿದವಳು ಅವಳು. ಅಲ್ಲಿನ ಉಳಿದ ಐದು ಹೆಂಗಸರಿಗೂ ಅವಳು ಚಿಕ್ಕಮ್ಮನೇ.

"ಮೂಲೆ ನೋಡು! ಯಾವ ದಾರ ಇದೆ?"

"ಕರಿದಾರ ಸ್ವಾಮಿ."

"ಕರಿದಾರದ್ದು ಮೇಲಿನ ವಾರ್ಡಿಗೆ ಹೆಂಗೆ ಹೋಯ್ತು? ಯಾವ್ಯಾವನೋ ಬಿದ್ದು ಹೊರಳಾಡಿದ್ದು ದೊಡ್ಡವರ ಮೈಗೆ ತಾಗಬೇಕಾ? ಅದರ ಮೇಲೆ ಮಲಗಿದ್ದ ಅಮ್ಮಾವ್ರು ಮೈಯೆಲ್ಲಾ ತುರಿಸ್ತಿದೆ ಅಂತ ಬೊಬ್ಬೆ ಹೊಡೀತಿದ್ದಾರೆ."

ದುಡ್ಡು ಕೊಟ್ಟು ಮಲಗುವ ಮೇಲಿನ ಮಹಡಿಗೆ ಕೆಂಪು ದಾರ, ಕೆಳಗಿನ ಪುಕ್ಕಟೆ ವಾರ್ಡಿಗೆ ಕರಿದಾರ. ಮೂಲೆಗೆ ದಾರ ಹೊಲಿಯುವವಳೂ ಚಿಕ್ಕಮ್ಮನೇ. ಎರಡನ್ನೂ ಬೇರೆ ಬೇರೆ ತೊಟ್ಟಿಯಲ್ಲಿ ಒಗೆಯಬೇಕೆಂದು ಗೋಡೆಯ ಮೇಲೆ ಬರೆದಿದೆ. ಎರಡನೇ ತೊಟ್ಟಿ ಸೋರಲು ಹಿಡಿದು ಆರು ವರ್ಷವಾಯಿತು, ರಿಪೇರಿ ಮಾಡಿಸುವ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ. ಅಂದಿನಿಂದ ಎರಡೂ ಒಂದೇ ನೀರಿನಲ್ಲಿ ಮೀಯುತ್ತಿವೆ. ಅದು ಗೊತ್ತಿರುವುದು ಒಗೆಯುವವರಿಗೆ ಮಾತ್ರ.

"ಅದನ್ನ ಹಾಸಿದ್ದು ಯಾವತ್ತು ಸ್ವಾಮಿ?" ಇಸ್ತ್ರಿಯ ಮುದುಕಿ ಕೇಳಿದಳು.

"ಸೋಮವಾರ."

"ಇವತ್ತು ಗುರುವಾರ. ಮೂರು ದಿನ ತುರಿಕೆ ನಿದ್ದೆ ಮಾಡ್ತಿತ್ತು, ದಾರ ಕಂಡ ಮೇಲೆ ಎದ್ದು ಕೂತ್ಕೊಂಡಿದೆ."

ಯಾರೋ ಕಿಸಕ್ಕನೆ ನಕ್ಕರು. ಸಾಹೇಬನ ಮುಖ ಕೆಂಪೇರಿತು. "ಹಲ್ಲು ಕಿಸೀರಿ. ಇನ್ನೊಂದು ಸಲ ತಪ್ಪಿದ್ರೆ ಆರು ಜನಾನೂ ಗೇಟಿನಾಚೆ!"

ಆ ಚಾದರವನ್ನು ಒಗೆದು ಹಗ್ಗಕ್ಕೆ ಹಾಕುವ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು. ಕಸ ಗುಡಿಸುವವಳು ಏದುಸಿರು ಬಿಡುತ್ತಾ ಬಂದಳು. "ಚಿಕ್ಕಮ್ಮಾ, ನಿನ್ನ ಮಗಳಿಗೆ ನೋವು ಬಂದಿದೆ. ಕೆಳಗಿನ ವಾರ್ಡಿಗೆ ಕರ್ಕೊಂಡ್ಬಂದಿದ್ದಾರೆ!"

ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿದಳು. ಮಗಳು ಬರೀ ರೆಕ್ಸಿನ್ ಹಾಸಿಗೆಯ ಮೇಲೆ ಮೊಣಕೈ ಊರಿ ಅರ್ಧ ಎದ್ದಿದ್ದಳು. ರೆಕ್ಸಿನ್ ಹರಿದು ನಾರು ಹೊರಬಂದಿತ್ತು. ಬಿರುಕಿನಲ್ಲಿ ಬೇರೆ ಯಾರದೋ ರಕ್ತ ಒಣಗಿತ್ತು.

"ಅವ್ವಾ, ಬೆನ್ನಿಗೆ ಅಂಟುತ್ತೆ. ಏನಾದ್ರೂ ಹಾಸವ್ವಾ."

"ಕರಿದಾರದ್ದು ಖಾಲಿ," ನರ್ಸು ಆಗಲೇ ಹೇಳಿಬಿಟ್ಟಳು. "ನಂಗೂ ಹೇಳಿ ಹೇಳಿ ಸಾಕಾಗಿದೆ. ಇಲ್ಲದ್ದನ್ನ ನಾನೇನು ಹೆತ್ತು ಕೊಡ್ಲಾ?"

ಚಿಕ್ಕಮ್ಮ ತನ್ನ ಅಂಗೈ ನೋಡಿಕೊಂಡಳು. ಒಗೆದು ಒಗೆದು ಕೈಯ ಗೆರೆಗಳೇ ಸವೆದಿದ್ದವು. ಸ್ವಂತ ಮಗಳಿಗೆ ಹಾಸಲು ಒಂದು ತುಂಡು ಬಟ್ಟೆಯಿಲ್ಲ. ಉಗ್ರಾಣಕ್ಕೆ ಹೋದಳು. ಸಾಹೇಬನ ಬೆನ್ನ ಹಿಂದೆ ಕಪಾಟಿನಲ್ಲಿ ಕೆಂಪು ದಾರದ ಚಾದರಗಳ ಒಂದು ಅಟ್ಟಿಯಿತ್ತು.

"ಒಂದೇ ಒಂದು ಕೊಡಿ ಸ್ವಾಮಿ. ನಾನೇ ಕುದಿಸಿ ಒಗೆದು ಇಡ್ತೀನಿ."

"ನಿನ್ನ ಮಗಳು ಹೆತ್ತದ್ದರ ಮೇಲೆ ಮೇಲಿನವರು ಮಲಗಬೇಕಾ? ಹಳೇ ಪೇಪರ್ ಹಾಸು ಹೋಗು. ನಿಮ್ಮಂಥವರಿಗೆ ನೆಲಾನೂ ಹೊಸದಲ್ಲ."

ಅವಳು ಮತ್ತೆ ಬೇಡಲಿಲ್ಲ. ಒಗೆಯುವ ಕೋಣೆಗೆ ಬಂದು, ಮೇಲಕ್ಕೆ ಹೋಗಲೆಂದು ಮಡಿಸಿಟ್ಟ ಚಾದರಗಳ ಮುಂದೆ ಕುಳಿತಳು. ರವಿಕೆಗೆ ಸಿಕ್ಕಿಸಿದ್ದ ಸೂಜಿ ತೆಗೆದು ಮೊದಲ ಚಾದರದ ಕೆಂಪು ದಾರ ಎಳೆದು ಬಿಸಾಡಿದಳು. ಎರಡನೆಯದರದ್ದೂ ಎಳೆದಳು.

"ಏನೇ ಇದು?" ಮುದುಕಿ ಗಾಬರಿಯಾದಳು. "ಎಲ್ಲರ ಹೊಟ್ಟೆಗೂ ಕಲ್ಲು ಹಾಕ್ತೀಯಾ?"

"ಮಗಳು ಮೊಣಕೈ ಮೇಲೆ ನಿಂತಿದ್ದಾಳೆ ಅಜ್ಜಿ. ಬೆನ್ನು ಊರೋಕೆ ಜಾಗ ಇಲ್ಲ."

ಮುದುಕಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಆಮೇಲೆ ಒಂದು ಚಾದರ ಎಳೆದುಕೊಂಡು ಮೂಲೆಯನ್ನು ಬಾಯಿಗೆ ಹಿಡಿದಳು. "ಸೂಜಿ ನೀನಿಟ್ಕೋ. ಈ ಕೆಲಸಕ್ಕೆ ನನ್ನ ನಾಲ್ಕು ಹಲ್ಲು ಸಾಕು."

ಉಳಿದವರೂ ಕುಳಿತರು. ಅಷ್ಟರಲ್ಲಿ ಒಣಗಿದ್ದ ಬೆಳಗಿನ ಚಾದರಕ್ಕೆ ಇಸ್ತ್ರಿ ಹಾಕಿ, ಅದರ ಕರಿದಾರವನ್ನೂ ಕಿತ್ತು, ರಾಶಿಯ ನಡುವೆಲ್ಲೋ ತುರುಕಿದರು. ತಳ್ಳುಗಾಡಿ ದಿನಾ ಎಡಕ್ಕೆ ತಿರುಗಿ ಲಿಫ್ಟಿಗೆ ಹೋಗುತ್ತಿತ್ತು. ಅಂದು ಬಲಕ್ಕೆ ತಿರುಗಿತು.

ಮೊದಲ ಚಾದರ ಮಗಳಿಗೆ. ಅವಳು ಮೆಲ್ಲಗೆ ಬೆನ್ನು ಊರಿ, ಕಣ್ಣು ಮುಚ್ಚಿದಳು. ಹದಿನಾಲ್ಕು ಮಂಚಕ್ಕೆ ಹಾಸುವಷ್ಟರಲ್ಲಿ ಸಾಹೇಬ ಓಡಿ ಬಂದ.

"ಕೀಳ್ರೇ ಅವನ್ನ! ಕಪಾಟಿನವೂ ಮುಗಿದವು, ಮೇಲಿಂದ ಬೆಲ್ ಮೇಲೆ ಬೆಲ್!" ಗಾಡಿಯಲ್ಲಿ ಉಳಿದವುಗಳ ಮೂಲೆ ಮಗುಚಿ ನೋಡಿದ. ಸೂಜಿಯ ತೂತು ಬಿಟ್ಟರೆ ಏನೂ ಇರಲಿಲ್ಲ. "ದಾರ ಎಲ್ಲಿ? ಮೇಲಿಂದು ಯಾವುದು?"

"ಬೆಳಗ್ಗೆ ನನ್ನ ಮುಖಕ್ಕೆ ಎಸೆದ್ರಲ್ಲ, ಅದೂ ಇದರಲ್ಲೇ ಇದೆ," ಎಂದಳು ಚಿಕ್ಕಮ್ಮ. "ಹುಡುಕಿ ತಗೊಂಡ್ಹೋಗಿ."

"ನಾಳೆಯಿಂದ ಆರು ಜನಾನೂ..."

"ನಾಳೆ ಮಾತು ನಾಳೆಗೆ. ಇಲ್ಲಿ ಹೆರಿಗೆ ಆಗ್ತಿದೆ, ಆಚೆ ನಿಂತ್ಕೊಳಿ."

ಅವಳು ಅವನಿಗೆ ಬೆನ್ನು ಹಾಕಿ ಮಗಳ ಕೈ ಹಿಡಿದಳು. ಮೇಲೆ ಬೆಲ್ಲು ಬಡಿದುಕೊಳ್ಳುತ್ತಲೇ ಇತ್ತು. ಸಾಹೇಬ ಗಾಡಿಯನ್ನು ಬಾಗಿಲಾಚೆ ಎಳೆದುಕೊಂಡು ಒಂದು ಚಾದರ ಎತ್ತಿ ಮೂಗಿಗೆ ಹಿಡಿದು ಮೂಸಿದ. ಇನ್ನೊಂದನ್ನು ಎತ್ತಿ ಮೂಸಿದ. ಅದೇ ಸೋಪಿನ ವಾಸನೆ. ಮೂರನೆಯದಕ್ಕೆ ಕೈ ಹಾಕಿದ.