ಸಂಹಿತಾಳ ಬೆರಳು

ಮೊದಲ ಬಸುರಿನಲ್ಲಿ ನನಗೆ ಶುಗರ್ ಬಂದಿತ್ತು. ಹೆರಿಗೆಯಾದ ಮೇಲೆ ಹೋಯಿತು. "ಇನ್ನೊಂದು ಮಗು ಅಂದಾಗ ಮತ್ತೆ ಬರಬಹುದು, ಹುಷಾರು" ಎಂದು ಡಾಕ್ಟರ್ ಫರೀದಾ ಆಗಲೇ ಎಚ್ಚರಿಸಿದ್ದರು. ಆ ಶುಗರಿನಿಂದಾಗಿ ಹೊಟ್ಟೆಯಲ್ಲೇ ನಾಲ್ಕೂವರೆ ಕೆಜಿ ಬೆಳೆದಿದ್ದ ಸಂಹಿತಾ ಹುಟ್ಟುವಾಗ ಅವಳ ಭುಜ ಸಿಕ್ಕಿಹಾಕಿಕೊಂಡಿತ್ತು. ಆರು ವರ್ಷವಾದರೂ ಎಡಗೈ ತಲೆಯವರೆಗೆ ಏಳುವುದಿಲ್ಲ.

ಈ ಸಲ ಐದನೇ ತಿಂಗಳಿಗೇ ಮತ್ತೆ ವಕ್ಕರಿಸಿತು. ಅತ್ತೆ ಪಂಕಜಮ್ಮ ಬಾಯಿ ತೆರೆದರೆ ಅದೇ ರಾಗ: "ನಮ್ಮನೇಲಿ ಯಾರ್ಗೂ ಇಲ್ಲಮ್ಮ ಈ ಕಾಯ್ಲೆ." ನನಗೆ ಮೈಯೆಲ್ಲ ಉರಿಯುತ್ತಿತ್ತು. ದಿನಾ ಬೆಳಿಗ್ಗೆ ಬೆರಳು ಚುಚ್ಚಿಕೊಂಡು, ಮೀಟರಿನ ಫೋಟೊ ತೆಗೆದು ಡಾಕ್ಟರಿಗೆ ವಾಟ್ಸಾಪ್ ಮಾಡಬೇಕು. ಇಳಿಯದಿದ್ದರೆ ಇನ್ಸುಲಿನ್. ಇನ್ಸುಲಿನ್ ಅಂದರೆ ಫ್ರಿಜ್ಜಿನಲ್ಲಿ, ಅತ್ತೆಯ ಮೊಸರಿನ ಪಕ್ಕ. ಆಮೇಲೆ ಇಡೀ ಸಂಜಯನಗರಕ್ಕೆ ಸುದ್ದಿ.

ಒಂದು ಬೆಳಿಗ್ಗೆ, 95ರ ಒಳಗಿರಬೇಕಾದ ಮೀಟರ್ 148 ತೋರಿಸಿತು. ನೋಡುತ್ತಾ ನಿಂತಿದ್ದ ಸಂಹಿತಾ ಎಡಗೈ ಚಾಚಿ, "ನಂಗೂ ಚುಚ್ಚಮ್ಮ" ಎಂದಳು. ಆಟಕ್ಕೆಂದೇ ಚುಚ್ಚಿದೆ. 84. ಅದರ ಫೋಟೊ ಕಳಿಸಿಬಿಟ್ಟೆ. ಡಾಕ್ಟರಿಂದ ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಬಂತು.

ಒಂದೇ ದಿನ ಅಂದುಕೊಂಡದ್ದು ಒಂಬತ್ತು ವಾರ ನಡೆಯಿತು. ಬೆರಳು ನೋಯುತ್ತದೆಂದು ಅವಳು ಕೈ ಬೆನ್ನ ಹಿಂದೆ ಬಚ್ಚಿಟ್ಟರೆ, ಚಾಕೊಲೇಟಿನ ಆಸೆ ತೋರಿಸಿ ಎಳೆದುಕೊಳ್ಳುತ್ತಿದ್ದೆ. ಎಂಥ ತಾಯಿ ನಾನು! ನನ್ನ ಬೆರಳು ಚುಚ್ಚಿ ನೋಡುವುದನ್ನೇ ಬಿಟ್ಟೆ.

ಎಂಟನೇ ತಿಂಗಳಲ್ಲಿ, ಮೊನ್ನೆಯ ಸ್ಕ್ಯಾನ್ ರಿಪೋರ್ಟ್ ಹಿಡಿದು ಡಾಕ್ಟರ್ ಹುಬ್ಬು ಗಂಟಿಕ್ಕಿದರು. "ಮಗು ತುಂಬಾ ದಪ್ಪ ಇದೆ, ನೀರೂ ಜಾಸ್ತಿ. ಶುಗರ್ ನೋಡಿದ್ರೆ ಇಷ್ಟು ಚೆನ್ನಾಗಿದೆಯಲ್ಲ!" ಫೋನಿನಲ್ಲಿದ್ದ ಫೋಟೊಗಳನ್ನು ಒಂದೊಂದಾಗಿ ಸರಿಸಿದರು.

"ತುಂಬಾ ಸ್ಟ್ರಿಕ್ಟಾಗಿದಾಳೆ ಡಾಕ್ಟ್ರೇ, ಅನ್ನಾನೇ ಮುಟ್ಟಲ್ಲ," ಎಂದ ನನ್ನ ಗಂಡ ಪ್ರದ್ಯುಮ್ನ, ಹೆಮ್ಮೆಯಿಂದ.

"ಹಾಗಾದ್ರೆ ಇನ್ನೆರಡು ವಾರ ಕಾಯೋಣ."

ಇನ್ನೂ ಎರಡು ವಾರ ಬೆಳೆದರೆ? ಸಿಕ್ಕಿಕೊಂಡ ಆ ಪುಟ್ಟ ಭುಜ ಕಣ್ಣ ಮುಂದೆ ಬಂತು.

"ಡಾಕ್ಟ್ರೇ, ಆ ನಂಬರ್ ಯಾವ್ದೂ ನಂದಲ್ಲ," ಎಂದೆ. "ಮಗಳದ್ದು."

ಪ್ರದ್ಯುಮ್ನ ಬೆಚ್ಚಿ ನನ್ನತ್ತ ತಿರುಗಿದ. ಬೈಗುಳಕ್ಕೆ ಕಾದು ಕುಳಿತೆ. ಡಾಕ್ಟರ್ ಬೈಯಲಿಲ್ಲ. ಎದ್ದು ಬಂದು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, ಅಲ್ಲಲ್ಲಿ ಒತ್ತಿ ನೋಡಿದರು.

"ಮಗು ಕೊನೇ ಸಲ ಒದ್ದಿದ್ದು ಯಾವಾಗ?"

ಇವತ್ತು ಬೆಳಿಗ್ಗೆ? ಇಲ್ಲ. ನಿನ್ನೆ ಊಟದ ಹೊತ್ತಿಗೆ? ಎಷ್ಟು ತಡಕಿದರೂ ನೆನಪಾಗಲಿಲ್ಲ.